ಸವೆಯುವ ಪರುಷ

ನಮ್ಮ ವಚನಕಾರರಿಗೆ ಪ್ರಿಯವಾದ ಉಪಮಾನಗಳಲ್ಲಿ ಪರುಷವೂ ಒಂದು. ಕಬ್ಬಿಣ ಪರುಷವನ್ನು ಮುಟ್ಟಿದರೆ ಹೊನ್ನಾಗುತ್ತದೆ. ಪರುಷ ಮಾತ್ರ ಪರುಷವಾಗಿಯೇ ಉಳಿಯುತ್ತದೆ. ಎಷ್ಟು ಕಬ್ಬಿಣ ಬಂದು ಮುಟ್ಟಿದರೂ ಅದರ ತೂಕ ಗುಲಗಂಜಿಯಷ್ಟೂ ಕಡಮೆಯಾಗದು. ಗುರುವಿನ ಮಹಿಮೆಯನ್ನು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಹೋಲಿಕೆ ಸಿಗಲಾರದು. ಆದರೆ ಗುರುವನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು ಬರಿಯ ಪರುಷವನ್ನೇ ನೋಡಿದರೆ, ಅದರ ಲಕ್ಷಣ ರಸಾಯನಶಾಸ್ತ್ರದ ಪಠ್ಯಪುಸ್ತಕಗಳು ‘ವೇಗವರ್ಧಕ’ ಎಂಬ ವಸ್ತುವಿಗೆ ಹೇಳುವ ಲಕ್ಷಣಕ್ಕೆ ಆಶ್ಚರ್ಯವಾಗುವಷ್ಟು ಹತ್ತಿರವಾಗಿದೆ. ತಾನು ಬದಲಾಗದೆ, ಬೇರೆ ವಸ್ತುಗಳ ಬದಲಾವಣೆಯನ್ನು ತ್ವರೆಗೊಳಿಸುವುದು ವೇಗವರ್ಧಕ: ಹೈಸ್ಕೂಲಿನ ಮಕ್ಕಳು ಬಾಯಿಪಾಠ ಮಾಡುವ ಸೂತ್ರ ಇದು.

ಈ ಸೂತ್ರದಲ್ಲಿ ‘ತಾನು ಬದಲಾಗದೆ’ ಎಂಬ ಎರಡು ಪದಗಳಿವೆಯಲ್ಲ, ಇವತ್ತಿನ ನನ್ನ ಮಾತೆಲ್ಲ ಆ ಎರಡು ಪದಗಳ ಮೇಲೆಯೇ. ಜಲಜನಕದಿಂದ ವಿದ್ಯುತ್ತನ್ನು ಪಡೆಯುವುದು, ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕವನ್ನು ಪಡೆಯುವುದು ಈಗ ಎಲ್ಲರ ಬಾಯಲ್ಲೂ ಇರುವ ಸಂಗತಿಗಳು. ಈ ಎರಡು ಕೆಲಸಗಳಿಗೂ ಲೋಹದ ಪರುಷವೊಂದು ಬೇಕು. ಆ ಪರುಷ ಸವೆಯುತ್ತದೆ, ಕರಗುತ್ತದೆ, ಕೆಲವು ವೇಳೆ ನೆಲೆಯನ್ನೇ ಬಿಟ್ಟು ಕೊಚ್ಚಿಹೋಗುತ್ತದೆ. ಎಷ್ಟು ಚುರುಕಾಗಿ ಕೆಲಸ ಮಾಡುತ್ತದೆ ಎಂಬುದು ಒಂದು ಪ್ರಶ್ನೆ, ಎಷ್ಟು ಕಾಲ ಮಾಡುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ವಿಜ್ಞಾನಿಗಳು ಕ್ರಿಯಾಶೀಲತೆ ಎನ್ನುತ್ತಾರೆ, ಎರಡನೆಯದಕ್ಕೆ ಸ್ಥಿರತೆ. ನನಗೆ ಎರಡನೆಯದಕ್ಕೆ ‘ಬಾಳಿಕೆ’ ಎಂಬ ನಮ್ಮ ಮಾತೇ ಹೆಚ್ಚು ಹಿಡಿಸುತ್ತದೆ. ದಾವಣಗೆರೆಯ ಚೌಕಿಪೇಟೆಯಲ್ಲಿ ಬಟ್ಟೆಯನ್ನೋ ಪಾತ್ರೆಯನ್ನೋ ಕೊಳ್ಳಲು ಬಂದ ಹಳ್ಳಿಯ ತಾಯಿ ಬಣ್ಣ ನೋಡಿ, ಬೆಲೆ ಕೇಳಿ, ಕೊನೆಗೆ ಕೇಳುವ ಮಾತು ‘ಬಾಳಿಕೆ ಬರುತ್ತದೇನಪ್ಪ?’ ಎಂದು. ಬಾಳುವುದು ಎಂದರೆ ಸುಮ್ಮನೆ ಇರುವುದಲ್ಲ, ದುಡಿಯುತ್ತಾ ಇರುವುದು. ‘ಸ್ಥಿರತೆ’ಯಲ್ಲಿ ಈ ಅರ್ಥ ಇಲ್ಲ, ಕಲ್ಲುಬಂಡೆಯೂ ಸ್ಥಿರವೇ. ಹಾಗೆಯೇ ‘ವೇಗವರ್ಧಕ’ ಎಂಬ ಪದದಲ್ಲಿ ವೇಗ ಮಾತ್ರ ಬಂತು, ಬಾಳಿಕೆ ಬಿಟ್ಟುಹೋಯಿತು. ಪದವನ್ನು ಕಟ್ಟಿದವರನ್ನು ದೂರುವಂತಿಲ್ಲ. ಸ್ವೀಡನ್ನಿನ ಬರ್ಜೀಲಿಯಸ್ 1835ರಲ್ಲಿ ಗ್ರೀಕ್ ಧಾತುವಿನಿಂದ ‘ಕೆಟಾಲಿಸಿಸ್’ ಎಂಬ ಶಬ್ದವನ್ನು ಮಾಡಿದಾಗಲೂ ಅದಕ್ಕೆ ‘ಸಡಿಲಿಸುವುದು, ಬಿಚ್ಚುವುದು’ ಎಂಬ ಅರ್ಥವೇ ಇತ್ತು. ಗಂಟು ಬಿಚ್ಚುವ ಬೆರಳು ನೋಯುತ್ತದೆ ಎಂಬುದು ಆಗ ಯಾರ ಯೋಚನೆಗೂ ಬಂದಿರಲಿಲ್ಲ.

ಬರ್ಜೀಲಿಯಸ್‌ಗಿಂತ ಮೊದಲೇ, 1823ರಲ್ಲಿ, ಜರ್ಮನಿಯ ಯೇನಾದಲ್ಲಿ ಡೋಬರೈನರ್ ಎಂಬ ರಸಾಯನಜ್ಞ ಒಂದು ವಿಚಿತ್ರವನ್ನು ಕಂಡ. ಸ್ಪಂಜಿನಂತೆ ಸಡಿಲವಾದ ಪ್ಲಾಟಿನಂ ಮೇಲೆ ಜಲಜನಕದ ಸಣ್ಣ ಧಾರೆಯನ್ನು ಹರಿಸಿದರೆ ಸಾಕು, ಬೆಂಕಿಯ ಕಿಡಿಯೇ ಇಲ್ಲದೆ ಜಲಜನಕ ಹೊತ್ತಿಕೊಳ್ಳುತ್ತಿತ್ತು. ಬೆಂಕಿಕಡ್ಡಿ ಇನ್ನೂ ಮನೆಮನೆಗೆ ಬಂದಿರದ ಕಾಲ ಅದು. ಈ ತತ್ತ್ವದ ಮೇಲೆ ಮಾಡಿದ ದೀಪ ಹೊತ್ತಿಸುವ ಸಾಧನ ಯೂರೋಪಿನಲ್ಲಿ ಚೆನ್ನಾಗಿ ಮಾರಾಟವಾಯಿತು. ಡೋಬರೈನರ್ ಕವಿ ಗಯಟೆಯ ಆಪ್ತ. ಶಾಕುಂತಲವನ್ನು ತಲೆಯ ಮೇಲೆ ಹೊತ್ತು ಮೆರೆಸಿದ ಆ ಕವಿಗೆ ರಸಾಯನದಲ್ಲಿಯೂ ಅಷ್ಟೇ ಕುತೂಹಲವಿತ್ತೆಂಬುದನ್ನು ನಾವು ಸಾಹಿತ್ಯದವರು ಸಾಮಾನ್ಯವಾಗಿ ಮರೆಯುತ್ತೇವೆ.

ಇಲ್ಲಿಂದ ವಿದ್ಯುತ್ತಿಗೆ ಒಂದೇ ಹೆಜ್ಜೆ. ಆ ಹೆಜ್ಜೆಯನ್ನು ಇಟ್ಟವನು ವೇಲ್ಸ್ ದೇಶದ ವಿಲಿಯಂ ಗ್ರೋವ್, ವೃತ್ತಿಯಿಂದ ವಕೀಲ. 1839ರಲ್ಲಿ ಅವನು ಗಂಧಕಾಮ್ಲ ಬೆರೆಸಿದ ನೀರಿನಲ್ಲಿ ಪ್ಲಾಟಿನಂ ಪಟ್ಟಿಗಳನ್ನು ನಿಲ್ಲಿಸಿ, ಒಂದರ ಸುತ್ತ ಜಲಜನಕವನ್ನೂ ಇನ್ನೊಂದರ ಸುತ್ತ ಆಮ್ಲಜನಕವನ್ನೂ ಇರಿಸಿದ. ಪಟ್ಟಿಗಳ ನಡುವೆ ವಿದ್ಯುತ್ತು ಹರಿಯಿತು. ಇಂದು ನಾವು ಇಂಧನಕೋಶ ಎಂದು ಕರೆಯುವುದರ ಮೂಲಪುರುಷ ಇದೇ. ಜಲಜನಕ ಪ್ಲಾಟಿನಂ ಮೇಲೆ ಕುಳಿತು ತನ್ನ ಇಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ. ಅದು ತಂತಿಯ ಮೂಲಕ ಸುತ್ತುಹಾಕಿ, ದಾರಿಯಲ್ಲಿ ದೀಪವನ್ನೋ ಮೋಟಾರನ್ನೋ ನಡೆಸಿ, ಆಚೆಯ ದಡ ಸೇರುತ್ತದೆ. ಅಲ್ಲಿ ಆಮ್ಲಜನಕ ಅದನ್ನು ಸ್ವೀಕರಿಸಿ, ಆಮ್ಲದ ಮೂಲಕ ಬಂದ ಜಲಜನಕದ ಉಳಿದ ಭಾಗದೊಡನೆ ಕೂಡಿ ನೀರಾಗುತ್ತದೆ. ಉರಿಯುವುದೆಲ್ಲ ಉರಿಯಿತು, ಬೆಂಕಿ ಮಾತ್ರ ಕಾಣಲಿಲ್ಲ ಎನ್ನಬಹುದು. ಇದನ್ನೇ ಹಿಂದುಮುಂದಾಗಿ ನಡೆಸಿ, ಹೊರಗಿನಿಂದ ವಿದ್ಯುತ್ತನ್ನು ಕೊಟ್ಟರೆ ನೀರು ಒಡೆದು ಎರಡು ಅನಿಲಗಳೂ ಮರಳಿ ಬರುತ್ತವೆ. ಅದು ವಿದ್ಯುದ್ವಿಭಜನೆ.

ಎರಡು ದಡಗಳಲ್ಲಿ ಜಲಜನಕದ ದಡ ಸುಲಭದ್ದು, ಆಮ್ಲಜನಕದ ದಡ ಕಷ್ಟದ್ದು. ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣುಗಳು ಬಿಗಿಯಾಗಿ ಕೈಹಿಡಿದುಕೊಂಡಿವೆ. ಅವನ್ನು ಬಿಡಿಸಬೇಕು, ನಾಲ್ಕು ಇಲೆಕ್ಟ್ರಾನುಗಳನ್ನು ಒಂದಾದಮೇಲೊಂದರಂತೆ ಕೊಡಬೇಕು, ನೀರಾಗಿಸಿ ಕಳುಹಿಸಬೇಕು. ಲೆಕ್ಕದ ಪ್ರಕಾರ ಒಂದು ಕೋಶದಿಂದ 1.23 ವೋಲ್ಟ್ ಸಿಗಬೇಕು; ಕೆಲಸ ಮಾಡುವಾಗ ಕೈಗೆ ಸಿಗುವುದು 0.6 ಅಥವಾ 0.7. ನಷ್ಟದ ದೊಡ್ಡ ಪಾಲು ಈ ಆಮ್ಲಜನಕದ ಮೊಂಡುತನಕ್ಕೆ ತೆರುವ ಕಂದಾಯ.

ಹಾಗಾದರೆ ಯಾವ ಲೋಹ ಚುರುಕು, ಯಾವುದು ಮಂದ ಎಂಬುದನ್ನು ನಿರ್ಣಯಿಸುವುದು ಯಾವುದು? ಇದಕ್ಕೆ ಫ್ರಾನ್ಸಿನ ತುಲೂಸಿನ ಪಾಲ್ ಸಬಾತ್ಯೇ ಕೊಟ್ಟ ಉತ್ತರ ನೂರು ವರ್ಷ ಕಳೆದರೂ ಹಳತಾಗಿಲ್ಲ. 1912ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಆತನ ತತ್ತ್ವವನ್ನು ದಾವಣಗೆರೆಯವರಿಗೆ ವಿವರಿಸಲು ಪ್ರಯೋಗಶಾಲೆ ಬೇಕಾಗಿಲ್ಲ, ಬೆಣ್ಣೆದೋಸೆಯ ಕಾವಲಿ ಸಾಕು. ಹಿಟ್ಟು ಕಾವಲಿಗೆ ಹಿಡಿಯಬೇಕು, ಹಿಡಿಯದಿದ್ದರೆ ಸೌಟಿನೊಡನೆಯೇ ಎದ್ದು ಬರುತ್ತದೆ, ಹರಡುವುದೇ ಇಲ್ಲ. ಆದರೆ ಬೆಂದಮೇಲೆ ಬಿಡಬೇಕು. ಬಿಡದಿದ್ದರೆ ಆ ದೋಸೆಯೂ ಕೆಟ್ಟಿತು, ಕಾವಲಿಯೂ ಕೆಟ್ಟಿತು, ಮುಂದಿನ ದೋಸೆಗೆ ಜಾಗವೂ ಇಲ್ಲ. ವೇಗವರ್ಧಕ ಲೋಹವೂ ಹಾಗೆಯೇ: ಬಂದ ಅಣುವನ್ನು ಹದವಾಗಿ ಹಿಡಿಯಬೇಕು, ಹದವಾಗಿ ಬಿಡಬೇಕು. ಚಿನ್ನ ಆಮ್ಲಜನಕವನ್ನು ಹಿಡಿಯುವುದೇ ಇಲ್ಲ ಎನ್ನುವಷ್ಟು ಉದಾಸೀನ. ಟಂಗ್‌ಸ್ಟನ್ನಿನಂಥ ಲೋಹ ಹಿಡಿದರೆ ಬಿಡುವುದೇ ಇಲ್ಲ. ನಡುವೆ ನಿಂತದ್ದು ಪ್ಲಾಟಿನಂ.

ಇಟಲಿಯ ಮಿಲಾನಿನ ಟ್ರಸಾಟಿ 1972ರಲ್ಲಿ ಜಲಜನಕದ ವಿಷಯದಲ್ಲಿ ಇದನ್ನೆಲ್ಲ ಒಂದು ನಕ್ಷೆಯಾಗಿ ಬರೆದು ತೋರಿಸಿದ. ಅಡ್ಡಕ್ಕೆ ಹಿಡಿತದ ಬಲ, ಉದ್ದಕ್ಕೆ ಚುರುಕು. ಲೋಹಗಳನ್ನು ಅದರ ಮೇಲೆ ಗುರುತಿಸುತ್ತ ಹೋದರೆ ಜ್ವಾಲಾಮುಖಿ ಪರ್ವತದ ಆಕಾರ ಬರುತ್ತದೆ, ಅದರ ಶಿಖರದ ಬಳಿಯಲ್ಲಿ ಪ್ಲಾಟಿನಂ ಕುಳಿತಿದೆ. 2004ರಲ್ಲಿ ಡೆನ್ಮಾರ್ಕಿನ ನರ್ಸ್ಕೊವ್ ಮತ್ತು ಸಂಗಡಿಗರು ಗಣಕಯಂತ್ರದ ಲೆಕ್ಕದಿಂದ ಆಮ್ಲಜನಕಕ್ಕೂ ಇಂಥದೇ ಪರ್ವತವನ್ನು ಬರೆದರು. ಅಲ್ಲಿ ಪ್ಲಾಟಿನಂ ಶಿಖರದ ಮೇಲೆ ಇಲ್ಲ, ಸ್ವಲ್ಪ ಕೆಳಗೆ ಇದೆ. ಆಮ್ಲಜನಕವನ್ನು ಅದು ಬೇಕಾದುದಕ್ಕಿಂತ ಒಂದು ಕೂದಲೆಳೆಯಷ್ಟು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಆ ಕೂದಲೆಳೆಯನ್ನು ಕಡಮೆ ಮಾಡುವುದಕ್ಕಾಗಿ ಜಗತ್ತಿನ ಎಷ್ಟೋ ಪ್ರಯೋಗಶಾಲೆಗಳು ಅಂದಿನಿಂದ ದುಡಿಯುತ್ತಿವೆ.

ಇಷ್ಟು ಚುರುಕಿನ ಕಥೆ. ಇನ್ನು ಬಾಳಿಕೆಯ ಕಥೆ, ನನ್ನ ಮಟ್ಟಿಗೆ ಹೆಚ್ಚು ಸ್ವಾರಸ್ಯವಾದದ್ದು ಇದೇ.

ಗ್ರೋವ್‌ನಂತೆ ಪ್ಲಾಟಿನಂ ಪಟ್ಟಿಯನ್ನೇ ಬಳಸಿದರೆ ಮನೆ ಮಾರಿಕೊಳ್ಳಬೇಕಾಗುತ್ತದೆ. ಕೆಲಸ ನಡೆಯುವುದು ಮೇಲ್ಮೈಯಲ್ಲಿ ಮಾತ್ರ. ಒಳಗಿರುವ ಲೋಹವೆಲ್ಲ ವ್ಯರ್ಥ. ಆದ್ದರಿಂದ ಲೋಹವನ್ನು ಎರಡರಿಂದ ಐದು ನ್ಯಾನೋಮೀಟರ್ ಗಾತ್ರದ ಕಣಗಳಾಗಿ ಮಾಡಿ ಇಂಗಾಲದ ಕಾಡಿಗೆಯಂಥ ಪುಡಿಯ ಮೇಲೆ ಕೂರಿಸುತ್ತಾರೆ. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಮೂರು ನ್ಯಾನೋಮೀಟರಿನ ಕಣಗಳಾಗಿ ಒಡೆದ ಒಂದು ಗ್ರಾಂ ಪ್ಲಾಟಿನಂಗೆ ಸುಮಾರು 90 ಚದರ ಮೀಟರ್ ಮೇಲ್ಮೈ ಇರುತ್ತದೆ. ಒಂದು ಸಾಧಾರಣ ಮನೆಯ ನೆಲದಷ್ಟು ವಿಸ್ತಾರ. 1965ರಲ್ಲಿ ಅಮೆರಿಕದ ಜೆಮಿನಿ ಗಗನನೌಕೆಯಲ್ಲಿ ಇಂಧನಕೋಶ ಮೊದಲು ಅಂತರಿಕ್ಷಕ್ಕೆ ಹೋದಾಗ ಪ್ಲಾಟಿನಂ ಎಷ್ಟು ಹಿಡಿಯಿತೆಂದು ಯಾರೂ ಲೆಕ್ಕ ಕೇಳಲಿಲ್ಲ. ಭೂಮಿಯ ಮೇಲೆ ಲೆಕ್ಕ ಕೇಳುವವರಿದ್ದಾರೆ. 1980ರ ದಶಕದಲ್ಲಿ ಲಾಸ್ ಅಲಾಮೋಸ್ ಪ್ರಯೋಗಶಾಲೆಯವರು ಚದರ ಸೆಂಟಿಮೀಟರಿಗೆ 4 ಮಿಲಿಗ್ರಾಂ ಇದ್ದುದನ್ನು 0.4ಕ್ಕೆ, ಎಂದರೆ ಹತ್ತರಲ್ಲಿ ಒಂದು ಪಾಲಿಗೆ, ಇಳಿಸಿದ ಮೇಲೆಯೇ ಇಂಧನಕೋಶದಿಂದ ವಾಹನ ನಡೆಸುವ ಮಾತಿಗೆ ಅರ್ಥ ಬಂದದ್ದು.

ಆದರೆ ಸಣ್ಣದಾದಷ್ಟೂ ಲೋಹ ದುರ್ಬಲವಾಗುತ್ತದೆ. ಗಟ್ಟಿಯಲ್ಲಿದ್ದಾಗ ಆಮ್ಲಕ್ಕೆ ಜಗ್ಗದ ಪ್ಲಾಟಿನಂ ಕಣವಾದಾಗ ಜಗ್ಗುತ್ತದೆ. ಕಣದ ಮೂಲೆ ಅಂಚುಗಳಲ್ಲಿರುವ ಪರಮಾಣುಗಳಿಗೆ ನೆರೆಯವರ ಆಸರೆ ಕಡಮೆ. ಕೂಡುಕುಟುಂಬದ ನಡುಮನೆಯಲ್ಲಿರುವವನಿಗೂ ಊರ ಹೊರಗಿನ ಒಂಟಿಮನೆಯವನಿಗೂ ಇರುವ ವ್ಯತ್ಯಾಸ ಅದು. ವೋಲ್ಟೇಜು ಏರಿದಾಗ ಇವು ಮೊದಲು ಆಮ್ಲಜನಕವನ್ನು ಹೊದ್ದುಕೊಳ್ಳುತ್ತವೆ. ಇಳಿದಾಗ ಆ ಹೊದಿಕೆಯನ್ನು ಕಳಚುತ್ತವೆ. ಹೀಗೆ ಹೊದ್ದು ಕಳಚುವ ಗಡಿಬಿಡಿಯಲ್ಲಿ ಕೆಲವು ಪರಮಾಣುಗಳು ಆಮ್ಲಕ್ಕೆ ಜಾರಿಹೋಗುತ್ತವೆ. ಜಾರಿದವು ಸುಮ್ಮನಿರುವುದಿಲ್ಲ. ಹತ್ತಿರದ ದೊಡ್ಡ ಕಣದ ಮೇಲೆ ಹೋಗಿ ಅಂಟಿಕೊಳ್ಳುತ್ತವೆ. ಸಣ್ಣವು ಕರಗಿ ಇಲ್ಲವಾಗುತ್ತ, ದೊಡ್ಡವು ಇನ್ನೂ ದೊಡ್ಡವಾಗುತ್ತ ಹೋಗುತ್ತವೆ. ಈ ನಿಯಮಕ್ಕೆ ಓಸ್ಟ್‌ವಾಲ್ಡ್‌ನ ಹೆಸರಿದೆ. ವೇಗವರ್ಧಕಗಳ ಅಧ್ಯಯನಕ್ಕಾಗಿ 1909ರ ನೊಬೆಲ್ ಪಡೆದ ಓಸ್ಟ್‌ವಾಲ್ಡನೇ ಆತ. ಬಡವನ ಗದ್ದೆ ಸಾಹುಕಾರನ ಗದ್ದೆಗೆ ಸೇರುವ ನಿಯಮ ಬೇರೆಲ್ಲೂ ನಡೆಯದೆಂದು ತಿಳಿದವರು ಈ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಲೋಹದ ತೂಕ ಹೆಚ್ಚುಕಡಮೆ ಅಷ್ಟೇ ಇರುತ್ತದೆ, ಮೇಲ್ಮೈ ಕುಗ್ಗಿರುತ್ತದೆ.

ಇದು ಒಂದು ಬಗೆಯ ಸಾವು. ಇನ್ನೊಂದು ಬಗೆಯಲ್ಲಿ ಲೋಹದ ತಪ್ಪೇನೂ ಇಲ್ಲ, ಅದು ಕುಳಿತ ನೆಲವೇ ಕುಸಿಯುತ್ತದೆ. ಕೋಶವನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡುವ ಸಂದರ್ಭದಲ್ಲಿ ಒಳಗೆ ಗಾಳಿ ನುಗ್ಗಿ, ಕ್ಷಣಕಾಲ ವೋಲ್ಟೇಜು ಮಿತಿಮೀರಿ ಏರುತ್ತದೆ. ಆಗ ಇಂಗಾಲ ಸವೆದು ಅಂಗಾರಾಮ್ಲವಾಗಿ ಹಾರಿಹೋಗುತ್ತದೆ. ಪಾಯ ಹೋದಮೇಲೆ ಕಣಗಳು ಒಂದರ ಮೇಲೊಂದು ಬಿದ್ದು ಮುದ್ದೆಯಾಗುತ್ತವೆ. ಮೂರನೆಯದು ವಿಷ. ಜಲಜನಕದಲ್ಲಿ ಇಂಗಾಲದ ಮಾನಾಕ್ಸೈಡು ದಶಲಕ್ಷದಲ್ಲಿ ಹತ್ತಾರು ಪಾಲು ಬೆರೆತಿದ್ದರೂ ಸಾಕು, ಅದು ಪ್ಲಾಟಿನಂ ಮೇಲೆ ಬಿಗಿಯಾಗಿ ಕುಳಿತು ಬೇರೆಯವರಿಗೆ ಜಾಗ ಬಿಡುವುದಿಲ್ಲ. ದೋಸೆಯ ಕಾವಲಿಗೆ ಹತ್ತಿದ ಸೀಕು ಅದು.

ಮುಖ್ಯವಾದ ಸಂಗತಿಯೆಂದರೆ, ಸುಮ್ಮನೆ ಒಂದೇ ಹದದಲ್ಲಿ ದುಡಿಯುವುದಕ್ಕಿಂತ ನಿಂತು ನಿಂತು ದುಡಿಯುವುದು ಲೋಹಕ್ಕೆ ಹೆಚ್ಚು ಆಯಾಸ. ಇದು ನಮ್ಮ ಸೀಮೆಗೆ ದೂರದ ಮಾತಲ್ಲ. ದಾವಣಗೆರೆಯಿಂದ ಬೆಂಗಳೂರಿನ ಹೆದ್ದಾರಿಯಲ್ಲಿ ಹೋಗುವವರು ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೋಡಿರುತ್ತಾರೆ. ಪಾವಗಡದ ಬಯಲಿನಲ್ಲಿ 2050 ಮೆಗಾವಾಟಿನ ಸೌರವಿದ್ಯುತ್ ಕ್ಷೇತ್ರವಿದೆ. ಇಂಥ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ಮಾಡಬೇಕೆಂಬುದು ಭಾರತ ಸರ್ಕಾರ 2023ರ ಜನವರಿಯಲ್ಲಿ ಒಪ್ಪಿದ ಯೋಜನೆ. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಅದರ ಗುರಿ. ಬೆಂಗಳೂರಿನಲ್ಲಿಯೇ 2021ರಲ್ಲಿ ಓಮಿಯಂ ಎಂಬ ಸಂಸ್ಥೆ ನೀರೊಡೆಯುವ ಯಂತ್ರಗಳ ಕಾರ್ಖಾನೆಯನ್ನು ತೆರೆಯಿತು. ಆದರೆ ಗಾಳಿ ಹೇಳಿಕೇಳಿ ಬೀಸುವುದಿಲ್ಲ, ಸೂರ್ಯ ಸಂಜೆ ಮುಳುಗುತ್ತಾನೆ. ಅಣೆಕಟ್ಟಿನ ವಿದ್ಯುತ್ತಾದರೆ ಹಗಲಿರುಳು ಒಂದೇ ಸಮ. ಭಾಕ್ರಾದ ವಿದ್ಯುತ್ತನ್ನು ನಂಬಿ 1960ರ ದಶಕದಲ್ಲಿ ಪಂಜಾಬಿನ ನಂಗಲ್‌ನಲ್ಲಿ ಗೊಬ್ಬರಕ್ಕಾಗಿ ನೀರನ್ನು ಒಡೆದಾಗ ಈ ಚಿಂತೆ ಇರಲಿಲ್ಲ. ಗಾಳಿ ಬಿಸಿಲುಗಳನ್ನು ನಂಬಿದ ಯಂತ್ರ ದಿನಕ್ಕೊಮ್ಮೆಯಾದರೂ ಏರಬೇಕು, ಇಳಿಯಬೇಕು. ಏರಿಳಿತದ ಪ್ರತಿಯೊಂದು ಸುತ್ತಿನಲ್ಲಿಯೂ ಲೋಹ ಒಂದಿಷ್ಟು ಕಳೆದುಕೊಳ್ಳುತ್ತದೆ. ಆದ್ದರಿಂದ ಬಾಳಿಕೆಯ ಪ್ರಶ್ನೆ ಪ್ರಯೋಗಶಾಲೆಯದು ಮಾತ್ರವಲ್ಲ, ಜಲಜನಕದ ಬೆಲೆಯದು. ಆ ಜಲಜನಕದಿಂದ ಮಾಡುವ ಗೊಬ್ಬರದ ಬೆಲೆಯದು ಕೂಡ.

ನಂಗಲ್‌ನಂಥ ಹಳೆಯ ಪದ್ಧತಿಯಲ್ಲಿ ಆಮ್ಲದ ಬದಲು ಕ್ಷಾರವನ್ನು ಬಳಸುತ್ತಾರೆ. ಕ್ಷಾರದಲ್ಲಿ ಅಗ್ಗದ ನಿಕ್ಕಲ್ ಲೋಹವೇ ಬಾಳುತ್ತದೆ. ಆಮ್ಲದಲ್ಲಿ ಅದೇ ನಿಕ್ಕಲ್ ಕರಗಿಹೋಗುತ್ತದೆ. ಹೊಸ ಪದ್ಧತಿಯ ಯಂತ್ರಗಳು ಚಿಕ್ಕವು, ಏರಿಳಿತಕ್ಕೆ ಬೇಗ ಹೊಂದಿಕೊಳ್ಳುವಂಥವು. ಆದರೆ ಅವುಗಳ ಒಳಗಿನ ಪೊರೆ ಆಮ್ಲಗುಣದ್ದು. ಅಲ್ಲಿ ಆಮ್ಲಜನಕ ಹೊರಬೀಳುವ ಕಡೆಯಲ್ಲಿ ಪ್ಲಾಟಿನಂ ಕೂಡ ಸಾಲದು. ರುಥೇನಿಯಂ, ಇರಿಡಿಯಂ ಎಂಬ ಎರಡು ದಾಯಾದಿಗಳನ್ನು ಕರೆಯಬೇಕು. ಇವರಿಬ್ಬರ ಸ್ವಭಾವದಲ್ಲಿ ನಮ್ಮ ವಿಷಯವೆಲ್ಲ ಅಡಗಿದೆ. ರುಥೇನಿಯಮ್ಮಿನ ಆಕ್ಸೈಡು ಹೆಚ್ಚು ಚುರುಕು; ಬೆಲೆಯೂ ಕಡಮೆ; ಆದರೆ ಆ ಬಿಸಿಗೆ ಆ ಆಮ್ಲಕ್ಕೆ ಬೇಗ ಕರಗುತ್ತದೆ. ಇರಿಡಿಯಮ್ಮಿನದು ಸ್ವಲ್ಪ ಮಂದ, ಆದರೆ ನಿಲ್ಲುತ್ತದೆ. ಹೀಗಾಗಿ ಯಂತ್ರ ಮಾಡುವವರು ಚುರುಕಿನವನನ್ನು ಬಿಟ್ಟು ನಿಲ್ಲುವವನಿಗೇ ಕೆಲಸ ಕೊಟ್ಟಿದ್ದಾರೆ. ತೊಂದರೆಯೆಂದರೆ ಇರಿಡಿಯಂ ಜಗತ್ತಿನಲ್ಲೆಲ್ಲ ವರ್ಷಕ್ಕೆ ಏಳೆಂಟು ಟನ್ನಿಗಿಂತ ಹೆಚ್ಚು ಸಿಗುವುದಿಲ್ಲ; ಅದೂ ಬಹುಪಾಲು ದಕ್ಷಿಣ ಆಫ್ರಿಕದಲ್ಲಿ, ಪ್ಲಾಟಿನಂ ಅಗೆಯುವಾಗ ಜೊತೆಗೆ ಬರುವ ಉಪಫಲವಾಗಿ. ಇರಿಡಿಯಂ ಬೇಕೆಂದು ಯಾರೂ ಗಣಿ ತೋಡುವಂತಿಲ್ಲ.

ರುಥೇನಿಯಂ ಎಲ್ಲೆಡೆಯೂ ಸೋತಿದೆ ಎಂದಲ್ಲ. ಹರಿಹರದವರಿಗೆ ತುಂಗಭದ್ರೆಯ ಆಚೆದಡದ ಕುಮಾರಪಟ್ಟಣದಲ್ಲಿ 1972ರಿಂದ ಇರುವ ಪಾಲಿಫೈಬರ್ಸ್ ಕಾರ್ಖಾನೆಯ ಪರಿಚಯವಿದೆ. ಅದರ ಹೊಗೆಯ ವಾಸನೆಯ ಪರಿಚಯವೂ ಇದೆಯೆನ್ನಿ. ಮರದ ತಿರುಳನ್ನು ರೇಯಾನಿಗೆ ತಕ್ಕಂತೆ ಬಿಳಿದು ಮಾಡುವ ಇಂಥ ಕೆಲಸಕ್ಕೆ ಕಾಸ್ಟಿಕ್ ಸೋಡಾ ಬೇಕೇ ಬೇಕು. ಅದನ್ನು ಮಾಡುವುದು ಉಪ್ಪುನೀರಿನಲ್ಲಿ ವಿದ್ಯುತ್ತನ್ನು ಹರಿಸಿ. ನಮ್ಮ ರಾಜ್ಯದಲ್ಲಿ ಕಾರವಾರದ ಬಿಣಗಾದಲ್ಲಿ ಅಂಥ ಕಾರ್ಖಾನೆ ಇದೆ. ಹಿಂದೆ ಈ ಕೆಲಸಕ್ಕೆ ಗ್ರಾಫೈಟಿನ ದಂಡಗಳನ್ನು ಬಳಸುತ್ತಿದ್ದರು. ಅವು ಸೀಸದ ಕಡ್ಡಿಯಂತೆ ದಿನದಿನಕ್ಕೆ ಸವೆಯುತ್ತಿದ್ದುವು. ಸವೆದಷ್ಟೂ ನಡುವಣ ಅಂತರ ಹೆಚ್ಚಿ ವಿದ್ಯುತ್ ಖರ್ಚು ಏರುತ್ತಿತ್ತು. 1960ರ ದಶಕದಲ್ಲಿ ಹೆನ್ರಿ ಬೇರ್ ಎಂಬಾತ ಟೈಟಾನಿಯಂ ತಗಡಿಗೆ ರುಥೇನಿಯಂ ಮತ್ತು ಟೈಟಾನಿಯಂ ಆಕ್ಸೈಡುಗಳ ಬೆರಕೆಯನ್ನು ಬಳಿದು ವಿದ್ಯುದಗ್ರವನ್ನು ಮಾಡಿದ. ಒಂಟಿಯಾಗಿದ್ದರೆ ಕರಗುವ ರುಥೇನಿಯಂ ಟೈಟಾನಿಯಮ್ಮಿನ ಸಹವಾಸದಲ್ಲಿ ವರ್ಷಗಟ್ಟಲೆ ನಿಂತಿತು. ಅದಕ್ಕೆ ಇಟ್ಟ ಹೆಸರೇ ‘ಅಳತೆ ಕೆಡದ ವಿದ್ಯುದಗ್ರ’ ಎಂಬರ್ಥದ್ದು. ಬಾಳಿಕೆಯನ್ನೇ ಹೆಸರಾಗಿ ಹೊತ್ತ ವೇಗವರ್ಧಕ ನನಗೆ ತಿಳಿದಂತೆ ಇದೊಂದೇ.

ಸಹವಾಸದಿಂದ ಗುಣ ಬದಲಾಗುವ ಈ ಉಪಾಯವನ್ನೇ ಇಂಧನಕೋಶದವರೂ ಹಿಡಿದಿದ್ದಾರೆ. 2007ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಶಾಲೆಯ ಸ್ಟಾಮೆಂಕೊವಿಚ್ ಮತ್ತು ಸಂಗಡಿಗರು ಮೂರು ಪಾಲು ಪ್ಲಾಟಿನಂ, ಒಂದು ಪಾಲು ನಿಕ್ಕಲ್ ಸೇರಿದ ಹರಳಿನ ಒಂದು ಮುಖ ಅದೇ ಬಗೆಯ ಶುದ್ಧ ಪ್ಲಾಟಿನಂ ಮುಖಕ್ಕಿಂತ 10 ಪಟ್ಟು ಚುರುಕೆಂದು ತೋರಿಸಿದರು. ಕೆಳಗಿನ ನಿಕ್ಕಲ್ ಮೇಲಿನ ಪ್ಲಾಟಿನಂ ಪದರವನ್ನು ಒಳಕ್ಕೆ ಎಳೆದು ಆಮ್ಲಜನಕದ ಮೇಲಿನ ಅದರ ಹಿಡಿತವನ್ನು ಒಂದು ಕೂದಲೆಳೆಯಷ್ಟು ಸಡಿಲಿಸುತ್ತದೆ. ಪರ್ವತದ ಶಿಖರಕ್ಕೆ ಅಷ್ಟೇ ಬೇಕಾಗಿದ್ದುದು. ಆದರೆ ಹರಳಿನ ಮೇಲೆ ಕಂಡ ಚುರುಕು ಕಣಗಳಲ್ಲಿ ಉಳಿಯುವುದು ಸುಲಭವಲ್ಲ. ನಿಕ್ಕಲ್ ಮೆಲ್ಲಮೆಲ್ಲನೆ ಆಮ್ಲಕ್ಕೆ ಸೋರಿಹೋಗುತ್ತದೆ. ಅದೇ ವರ್ಷ ಬ್ರೂಕ್‌ಹೇವನ್ನಿನ ಆಡ್‌ಜಿಚ್ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಪ್ಲಾಟಿನಂ ಕಣಗಳ ಮೇಲೆ ಅಲ್ಲಲ್ಲಿ ಚಿನ್ನದ ಪುಟ್ಟ ಗುಂಪುಗಳನ್ನು ಕೂರಿಸಿ, ವೋಲ್ಟೇಜನ್ನು 30,000 ಸಲ ಏರಿಸಿ ಇಳಿಸಿದರೂ ಆ ಕಣಗಳು ಬಹುಮಟ್ಟಿಗೆ ಹಾಗೆಯೇ ಉಳಿದುದನ್ನು ಕಂಡರು. ಸ್ವತಃ ಏನೂ ಕೆಲಸ ಮಾಡದ ಚಿನ್ನ ಕೆಲಸ ಮಾಡುವವನನ್ನು ಕಾಯುತ್ತದೆ. ಹರಿಹರೇಶ್ವರನ ಗುಡಿಗೆ ಹೋದಾಗಲೆಲ್ಲ ನನಗೆ ಈ ಜೋಡಿಯ ನೆನಪಾಗುವುದುಂಟು. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಆ ಗುಡಿಯಲ್ಲಿ ಒಂದೇ ಮೈಯಲ್ಲಿ ಎರಡು ದೇವರು. ಒಬ್ಬ ಲಯಕರ್ತ, ಒಬ್ಬ ಸ್ಥಿತಿಕರ್ತ. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆದರೆ ದೇವರಿಗೂ ಲೋಹಕ್ಕೂ ಅನ್ಯಾಯವಾದೀತು.

ನಮ್ಮವರೂ ಈ ಕ್ಷೇತ್ರದಲ್ಲಿ ದುಡಿದಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾಯರು 1976ರಲ್ಲಿ ಕಟ್ಟಿದ ಘನಸ್ಥಿತಿ ಮತ್ತು ರಚನಾ ರಸಾಯನ ವಿಭಾಗದಲ್ಲಿ ಎಂ.ಎಸ್. ಹೆಗಡೆಯವರು ಕೇಳಿದ ಪ್ರಶ್ನೆ ಸರಳವಾದುದು: ಕಣಗಳು ಕರಗಿ ಕೂಡಿಕೊಳ್ಳುತ್ತವೆ ಎಂದಾದರೆ, ಕಣಗಳೇ ಏಕಿರಬೇಕು? ಸೀರಿಯಂ ಎಂಬ ಧಾತುವಿನ ಆಕ್ಸೈಡಿನ ಹರಳಿನೊಳಗೆ, ನೂರು ಸೀರಿಯಂ ಇರಬೇಕಾದ ಕಡೆ ಒಂದೋ ಎರಡೋ ಪ್ಲಾಟಿನಂ ಅಥವಾ ಪಲ್ಲಾಡಿಯಂ ಪರಮಾಣುಗಳನ್ನು, ಕಣವಾಗಿ ಅಲ್ಲ, ವಿದ್ಯುದಾವೇಶವುಳ್ಳ ಅಯಾನುಗಳಾಗಿ ನೆಟ್ಟರು. ಅಕ್ಕಿಯಲ್ಲಿ ಬೆರೆಸಿದ ರಾಗಿಯಂತೆ ಅಲ್ಲ, ಗೋಡೆಯ ಇಟ್ಟಿಗೆಗಳಲ್ಲೇ ಒಂದಾಗಿ. ಪ್ರತಿಯೊಂದು ಪರಮಾಣುವೂ ಒಂಟಿ. ಹತ್ತಿರ ಇನ್ನೊಂದು ಇಲ್ಲದ್ದರಿಂದ ಕೂಡಿ ಮುದ್ದೆಯಾಗುವ ಪ್ರಸಂಗವೇ ಕಡಮೆ. ಒಂಟಿಯಾದರೂ ಊರ ಹೊರಗಿನ ಒಂಟಿಮನೆಯಲ್ಲ, ಸುತ್ತಲೂ ಹರಳಿನ ಆಸರೆ ಉಂಟು. ವಾಹನಗಳ ಹೊಗೆಯನ್ನು ಶುದ್ಧಗೊಳಿಸಲು, ಜಲಜನಕ ಆಮ್ಲಜನಕಗಳನ್ನು ಬೆಂಕಿಯಿಲ್ಲದೆ ಮರಳಿ ನೀರಾಗಿಸಲು ಈ ವಸ್ತುಗಳು ಬಹಳ ಚುರುಕೆಂದು ಕಂಡುಬಂತು. ಅವರ ಗುಂಪು ಇವನ್ನು ವಿದ್ಯುದಗ್ರಗಳಾಗಿಯೂ ಪರೀಕ್ಷಿಸಿತು. 2009ರಲ್ಲಿ ಅವರು ಗಿರಿಧರ್ ಮದ್ರಾಸ್ ಮತ್ತು ಕೆ.ಸಿ. ಪಾಟೀಲರೊಡನೆ ಈ ಕೆಲಸವನ್ನೆಲ್ಲ ಒಟ್ಟುಗೂಡಿಸಿ ಬರೆದ ಲೇಖನ ಹೊರದೇಶಗಳಲ್ಲಿಯೂ ಗಮನಕ್ಕೆ ಬಂತು. ಇವರು ಮುಂದೆ ನಮ್ಮ ನೆರೆಯ ಚಳ್ಳಕೆರೆಯ ಬಳಿ, ಕುದಾಪುರದ ಸಂಸ್ಥೆಯ ಆವರಣದಲ್ಲಿ, ಹಳ್ಳಿಯ ಶಾಲಾಕಾಲೇಜುಗಳ ವಿಜ್ಞಾನದ ಮೇಷ್ಟರುಗಳಿಗೆ ಪಾಠ ಹೇಳುವ ಕೆಲಸಕ್ಕೆ ನಿಂತರು. ವಿಜ್ಞಾನದ ಬಾಳಿಕೆಗೆ ಅದೂ ಬೇಕಾದದ್ದೇ.

ಇನ್ನು ಪ್ಲಾಟಿನಂ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ. ಇದರ ಒಂದು ತುದಿ ನಮ್ಮ ಜಿಲ್ಲೆಯಲ್ಲಿಯೇ ಇದೆ ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಶಿವಮೊಗ್ಗದಿಂದ ಬಂದು ಸೇರಿದ ಚನ್ನಗಿರಿ ತಾಲ್ಲೂಕು ಅಡಕೆ ತೋಟಗಳಿಗೆ, ಸೂಳೆಕೆರೆಗೆ ಹೆಸರಾದದ್ದು. ಅಲ್ಲಿಯ ಮಾಸಣಿಕೆರೆ, ತಾವರೆಕೆರೆ, ಉಬ್ರಾಣಿಗಳ ಕಡೆ ಟೈಟಾನಿಯಂ ವನಾಡಿಯಂ ಬೆರೆತ ಕಪ್ಪು ಕಬ್ಬಿಣದ ಅದಿರು ಇದೆಯೆಂಬುದು ಬಹುಕಾಲದಿಂದ ತಿಳಿದಿತ್ತು. ಅದೇ ಶಿಲಾಸಮೂಹದ ಒಂದು ಅಂಗವಾದ ಹನುಮಲಾಪುರದ ಬಂಡೆಗಳಲ್ಲಿ ಪ್ಲಾಟಿನಂ ಗುಂಪಿನ ಲೋಹಗಳೂ ಇವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಟಿ.ಸಿ. ದೇವರಾಜು ಅವರು ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದ ಅಲಾಪಿಯೆಟಿ ಮತ್ತು ಕೌಕೊನೆನ್ ಅವರೊಡನೆ 2008ರಲ್ಲಿ ಇದರ ವಿವರವಾದ ವರ್ಣನೆಯನ್ನು ಪ್ರಕಟಿಸಿದರು. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನ ಬಂಡೆಗಳವು. ಭಾರತೀಯ ಗಣಿ ಇಲಾಖೆಯ 2010ರ ಲೆಕ್ಕದಲ್ಲಿ ಇಡೀ ದೇಶದಲ್ಲಿ ಗುರುತಿಸಿದ ಪ್ಲಾಟಿನಂ ಗುಂಪಿನ ಲೋಹ 15.7 ಟನ್, ಅದರಲ್ಲಿ 14.2 ಟನ್ ಒಡಿಶಾದ್ದು, ಉಳಿದ 1.5 ಟನ್ ಹನುಮಲಾಪುರದ್ದು. ಜಗತ್ತಿನ ಗಣಿಗಳಿಂದ ಪ್ಲಾಟಿನಂ ಒಂದೇ ವರ್ಷಕ್ಕೆ ಸುಮಾರು 180 ಟನ್ ಬರುತ್ತದೆ, ಅದರಲ್ಲಿ ಮುಕ್ಕಾಲು ಪಾಲಿನಷ್ಟು ದಕ್ಷಿಣ ಆಫ್ರಿಕದ್ದು ಎಂಬುದನ್ನು ನೆನೆದರೆ ನಮ್ಮದು ಅಂಗೈಯಷ್ಟು.

ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳನ್ನು ಜಾಲಿಸಿ ಹೊನ್ನಿನ ಕಣ ಹೆಕ್ಕುತ್ತಿದ್ದ ಜಲಗಾರರನ್ನು ರಾಬರ್ಟ್ ಬ್ರೂಸ್ ಫೂಟ್ ಕಂಡು ಬರೆದಿದ್ದಾನೆ. ಅಂಥ ಜಲಗಾರನ ಕಣ್ಣಿಗೂ ಹನುಮಲಾಪುರದ ಪ್ಲಾಟಿನಂ ಬೀಳುವಂಥದಲ್ಲ. ಅದು ಬಂಡೆಯ ಒಳಗೆ, ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಕಣಗಳಾಗಿ ಹರಡಿದೆ. ಟನ್ನು ಬಂಡೆಗೆ ಒಂದು ಗ್ರಾಮಿನಂತೆ ಸಿಗುವುದೆಂದು ಹಿಡಿದರೆ 1.5 ಟನ್ ಲೋಹಕ್ಕೆ 15 ಲಕ್ಷ ಟನ್ ಬಂಡೆಯನ್ನು ಒಡೆದು ಹಿಟ್ಟು ಮಾಡಬೇಕು. ಆ ಹಿಟ್ಟನ್ನೆಲ್ಲ ತೊಳೆದು ಎಲ್ಲಿಯಾದರೂ ಸುರಿಯಬೇಕು. ತೋಟಗಳ ನಡುವೆ, ಕೆರೆಗಳಿಗೆ ನೀರು ಹರಿದು ಬರುವ ದಾರಿಯಲ್ಲಿ.

ಅದೆಲ್ಲವೂ ಪ್ಲಾಟಿನಮ್ಮೇ ಎಂದು ಉದಾರವಾಗಿ ಹಿಡಿದು ಲೆಕ್ಕ ಹಾಕೋಣ. ಒಂದು ವಾಹನದ ಇಂಧನಕೋಶಕ್ಕೆ 30 ಗ್ರಾಂ ಬೇಕಾದರೆ 1.5 ಟನ್ನಿನಲ್ಲಿ 50,000 ವಾಹನಗಳು. ಚುರುಕನ್ನು ಮೂರು ಪಟ್ಟು ಹೆಚ್ಚಿಸಿ 10 ಗ್ರಾಮಿನಲ್ಲಿ ಅದೇ ಕೆಲಸ ಮಾಡಿಸಿದರೆ ಒಂದೂವರೆ ಲಕ್ಷ. ಆದರೆ ಹೀಗೆ ತೆಳುವಾಗಿಸಿದ ಲೋಹ 5,000 ಗಂಟೆ ಓಡುವ ಬದಲು ಅರ್ಧಕ್ಕೇ ಸೋತರೆ ಲೆಕ್ಕ ಮತ್ತೆ ಎಪ್ಪತ್ತೈದು ಸಾವಿರಕ್ಕೆ ಬಂತು. ಕಾರಿಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ ಆ 5,000 ಗಂಟೆ. ಲಾರಿಗಳಿಗೆ ಅದರ ಐದಾರು ಪಟ್ಟು ಬೇಕು, ಏಕೆಂದರೆ ಲಾರಿಗೆ ವಿಶ್ರಾಂತಿ ಎಂಬುದಿಲ್ಲ.

ಇನ್ನೊಂದು ಗಣಿಯೂ ಇದೆ. ದಾವಣಗೆರೆಯ ಬೀದಿಗಳಲ್ಲಿ ಈಗ ಓಡುತ್ತಿರುವ ಪ್ರತಿಯೊಂದು ಪೆಟ್ರೋಲು ಕಾರಿನ ಹೊಗೆಕೊಳವೆಯ ನಡುವೆ ಒಂದು ಡಬ್ಬಿ ಇರುತ್ತದೆ. ಅದರೊಳಗಿನ ಜೇನುಗೂಡಿನಂಥ ಪಿಂಗಾಣಿಯ ಮೇಲೆ ಪಲ್ಲಾಡಿಯಂ, ಪ್ಲಾಟಿನಂ, ರೋಡಿಯಂ ಎಲ್ಲ ಸೇರಿ ಕೆಲವು ಗ್ರಾಂ ಲೋಹವಿರುತ್ತದೆ. ಕಾರು ಹಳತಾಗಿ ಗುಜರಿಗೆ ಹೋದಾಗ ಆ ಲೋಹ ಎಲ್ಲಿಯೂ ಹೋಗಿರುವುದಿಲ್ಲ. ದುಡಿಯುವ ಶಕ್ತಿ ಕುಂದಿರುತ್ತದೆ, ತೂಕದ ಬಹುಭಾಗ ಅಲ್ಲಿಯೇ ಇರುತ್ತದೆ. ಸತ್ತ ಇಂಧನಕೋಶದ್ದೂ ಇದೇ ಕಥೆ. ಅದನ್ನು ಆಮ್ಲದಲ್ಲಿ ಕರಗಿಸಿ, ಶೋಧಿಸಿ, ಮತ್ತೆ ಮೂರು ನ್ಯಾನೋಮೀಟರಿನ ಕಣಗಳಾಗಿ ಇಂಗಾಲದ ಮೇಲೆ ಕೂರಿಸಬಹುದು. ಒಂದು ಟನ್ ಹನುಮಲಾಪುರದ ಬಂಡೆಯನ್ನು ಅರೆದರೆ ಸಿಗುವುದಕ್ಕಿಂತ ಹೆಚ್ಚು ಲೋಹ ಅಂಥ ಒಂದು ಹಳೆಯ ಡಬ್ಬಿಯಲ್ಲಿ ಇದೆ. ನಮ್ಮ ಗುಜರಿ ಅಂಗಡಿಯವರಿಗೆ ಇದು ಗೊತ್ತು. ಹಳೆಯ ಕಾರನ್ನು ಕೊಳ್ಳುವಾಗ ಅವರು ಮೊದಲು ಬಗ್ಗಿ ನೋಡುವುದು ಆ ಡಬ್ಬಿ ಇದೆಯೇ ಎಂದು.